ಥಂಡ್ಯಾಗ ಸ್ಕೂಟಿ ಯಾಕ ಸತಾಯಿಸ್ತದ? ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಮುಗೀತು ಅಂದ್ರ ಶುರು ಆಗ್ತಾವ ಈ ಪ್ರಶ್ನೆ, ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗೋ ತನಕ ನಿಲ್ಲಂಗಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆಯವರು ಫೋನ್ ಮಾಡಿ, ಮೆಸೇಜ್ ಹಾಕಿ, ಚಹಾದಂಗಡಿ ಮುಂದ ಹಿಡಿದು ನಿಲ್ಲಿಸಿ ಕೇಳಿದ್ದನ್ನ ಅವರವರ ಮಾತಿನಾಗೇ ಇಟ್ಟೀನಿ. ನಮ್ಮ ಕಡೆ ಎಲ್ಲಾ ಕಂಪನಿ ಗಾಡಿಗೂ ಸ್ಕೂಟಿ ಅಂತನೇ ಅಂತೀವಿ, ಇಲ್ಲೂ ಹಂಗೇ. ನಿಮ್ಮ ಗಾಡಿಗೆ ಯಾವುದು ಹೊಂದ್ತದೋ ಅಷ್ಟು ಓದ್ರಿ ಸಾಕು.

## ಎಲ್ಲರೂ ಮೊದಲು ಕೇಳೋವು

ಅಣ್ಣಾ, ನಮ್ಮ ರಾಯಚೂರಾಗ ಅಂಥಾ ಥಂಡಿ ಎಲ್ಲದ? ಆದ್ರೂ ಮುಂಜಾನಿ ಗಾಡಿ ಯಾಕ ಲಗೂನ ಚಾಲೂ ಆಗಂಗಿಲ್ಲ?

ಛಲೋ ಕೇಳಿದಿ. ಡಿಸೆಂಬರ್-ಜನವರ್ಯಾಗ ನಸುಕಿನಾಗ ನಮ್ಮ ಕಡೆ 14-15 ಡಿಗ್ರಿ, ಒಂದೊಂದು ದಿನ ಅದಕ್ಕಿಂತ ಜರಾ ಕೆಳಗ. ಎಂಜಿನ್ ಲೆಕ್ಕದಾಗ ಇದು ಥಂಡಿನೇ ಅಲ್ಲ, ಇವೇ ಗಾಡಿ ಶಿಮ್ಲಾದಾಗ ಸೊನ್ನಿ ಡಿಗ್ರಿ ಹತ್ರನೂ ಚಾಲೂ ಆಗ್ತಾವ. ಅಂದ ಮ್ಯಾಲ ನಿನ್ನ ಗಾಡ್ಯಾಗ ಏನೋ ಒಂದು ಸಣ್ಣ ಖರಾಬಿ ಮೊದಲೇ ಇತ್ತು, ಥಂಡಿ ಅದನ್ನ ಹೊರಗ ಹಾಕೇದ ಅಷ್ಟೇ.

ಆಗೋದೇನಂದ್ರ, ಪೆಟ್ರೋಲ್ ಹಸಿ ಇದ್ದಾಗ ಉರಿಯಂಗಿಲ್ಲ, ಆವಿ ಆಗಿ ಗಾಳಿ ಜೊತಿ ಕಲತಾಗ ಉರೀತದ. ತೂಕದ ಲೆಕ್ಕದಾಗ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್ ತಣ್ಣಗ ಇದ್ದಾಗ ಒಳಗ ಹೋದ ಪೆಟ್ರೋಲಿನಾಗ ಭಾಳಷ್ಟು ಪೈಪಿನ ಗೋಡೆಗೇ ಅಂಟ್ಕೊಂಡು ಕೂಡ್ತದ, ತಣ್ಣನ ಮುಚ್ಚಳಕ್ಕ ಅನ್ನದ ಹಬೆ ಹನಿ ಆಗಿ ಕುಂತಂಗ. ಸಿಲಿಂಡರ್‌ಗೆ ಮುಟ್ಟೋ ಆವಿ ಕಡಿಮಿ ಆತು, ಗಾಳಿ ಜಾಸ್ತಿ ಆತು, ಹಿಂಗಾದ್ರ ಬೆಂಕಿ ಹತ್ತಂಗಿಲ್ಲ ಇಲ್ಲಾ ಹತ್ತಿ ಆರ್ತದ. ಇದನ್ನ ಸರಿ ಮಾಡ್ಲಿಕ್ಕೆ ಕಂಪನಿಯವರು ತಣ್ಣನ ಎಂಜಿನ್‌ಗೆ ಒಂದಿಷ್ಟು ಜಾಸ್ತಿ ಪೆಟ್ರೋಲ್ ಕೊಡೋ ವ್ಯವಸ್ಥಾ ಇಟ್ಟಿರ್ತಾರ. ಆ ವ್ಯವಸ್ಥಾ ಕೆಟ್ಟಿದ್ರ, ಇಲ್ಲಾ ಪೆಟ್ರೋಲ್ ಬರೋ ಸಣ್ಣ ತೂತಿನ ಜೆಟ್ ಅರ್ಧ ಮುಚ್ಚಿದ್ರ, ಪ್ಲಗ್ ಸವೆದಿದ್ರ, ಮೇ ತಿಂಗಳ 42 ಡಿಗ್ರ್ಯಾಗ ಯಾವುದೂ ಗೊತ್ತಾಗಂಗಿಲ್ಲ, ಆಗ ಹವಾನೇ ಅರ್ಧ ಕೆಲಸ ಮಾಡಿ ಕೊಟ್ಟಿರ್ತದ.

ಚೋಕ್ ಎಷ್ಟೊತ್ತು ಎಳೀಬೇಕ್ರಿ? ನಮ್ಮನೆಯವರು ಅದನ್ನ ಮುಟ್ಟಬ್ಯಾಡ ಅಂತಾರ, ಪೆಟ್ರೋಲ್ ಕುಡೀತದಂತ

ತಣ್ಣನ ಎಂಜಿನ್‌ಗೆ ಜಾಸ್ತಿ ಪೆಟ್ರೋಲ್ ಕೊಡೋ ವ್ಯವಸ್ಥಾ ಅಂದೆನಲ್ಲ, ಅದೇ ಚೋಕ್. ಅದು ಇರೋದೇ ಎಳೀಲಿಕ್ಕೆ, ಮುಟ್ಟದೇ ಬಿಟ್ರ ನಾಲ್ಕು ತಿಂಗಳಾದ್ಮ್ಯಾಲ ಕೇಬಲ್ ಜಾಮ್ ಆಗಿ ಕೂಡ್ತದ. ಪೂರಾ ಎಳೀರಿ, ರೇಸ್ ಕೊಡದೇ ಸೆಲ್ಫ್ ಹೊಡೀರಿ. ಈ ರೇಸ್ ಕೊಡದೇ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ, ಥ್ರಾಟಲ್ ತಿರುವಿದ್ರ ಗಾಳಿ ಬಾಗಿಲು ತೆರೀತದ, ಒಳಗಿನ ಎಳತ ಕಡಿಮಿ ಆಗ್ತದ, ಚೋಕ್‌ನ ದಾರಿಯಿಂದ ಪೆಟ್ರೋಲ್ ಬರೋದೇ ಕಡಿಮಿ ಆಗಿಬಿಡ್ತದ. ಚಾಲೂ ಆದ್ಮ್ಯಾಲ ನಮ್ಮ ಹವಾಕ್ಕ ಅರ್ಧ ನಿಮಿಷ, ಒಂದು ನಿಮಿಷ ಸಾಕು, ಆಮ್ಯಾಲ ವಾಪಸ್ ಒತ್ತಿಬಿಡ್ರಿ. ಎಳದಿದ್ದನ್ನ ಮರತು ಮಾರ್ಕೆಟ್ ತನಕ ಹೋದ್ರ ಮಾತ್ರ ನಿಮ್ಮನೆಯವರು ಹೇಳಿದ್ದು ಖರೇ ಆಗ್ತದ, ಪೆಟ್ರೋಲೂ ಹೋಗ್ತದ ಪ್ಲಗ್ಗೂ ಕರ್ರಗಾಗ್ತದ.

ನನ್ನ ಗಾಡ್ಯಾಗ ಚೋಕೇ ಇಲ್ಲಲ್ಲ, ಅದು ಕಾರ್ಬೋರೇಟರ್ದೋ ಎಫ್‌ಐದೋ ಹೆಂಗ ಗೊತ್ತಾಗ್ಬೇಕು?

ಕಾರ್ಬೋರೇಟರ್ ಅಂದ್ರ ಎಂಜಿನ್ ಎಳತದ ಮ್ಯಾಲೇ ಪೆಟ್ರೋಲ್-ಗಾಳಿ ಕಲಸೋ ಹಳೇ ವ್ಯವಸ್ಥಾ, ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಅಂದ್ರ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಇಂಜೆಕ್ಟರ್‌ನಿಂದ ಸಿಂಪಡಿಸೋದು. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನೋ ಹೊಗಿ ನಿಯಮ ಬಂತು, ಆಮ್ಯಾಲ ತಯಾರಾದ ಪೆಟ್ರೋಲ್ ಸ್ಕೂಟಿ ನಿಮ್ಮದಾಗಿದ್ರ ಎಫ್‌ಐ ಅಂತ ಹಿಡಕೊಂಡು ನಡೀರಿ. ಚಾವಿ ಹಾಕಿ ಆನ್ ಮಾಡಿದ ಕೂಡ್ಲೆ ಸೀಟ್ ಕೆಳಗ ಎರಡು ಮೂರು ಸೆಕೆಂಡ್ ಗುಂಯ್ ಅಂತ ಪಂಪ್ ಶಬ್ದ ಬರ್ತದ, ಮೀಟರ್‌ನಾಗ ಎಂಜಿನ್ ಗುರುತಿನ ಹಳದಿ ಲೈಟ್ ಒಮ್ಮೆ ಹತ್ತಿ ಆರ್ತದ. ಇವೆರಡೂ ಇಲ್ಲ, ಚೋಕ್ ಕಡ್ಡೀನೂ ಇಲ್ಲ ಅಂದ್ರ ಅದು ಆಟೋ ಚೋಕ್ ಇರೋ ಕಾರ್ಬೋರೇಟರ್ ಗಾಡಿ, ಅದರ ಸಂಗತಿ ಕೆಳಗ ಬ್ಯಾರೆ ಬರದೀನಿ.

ಅಣ್ಣಾರೆ ನಾನು ಕುಷ್ಟಗಿ ಕಡೆ ಶಾಲಿ ಟೀಚರು, ಮುಂಜಾನೆ ಗಾಡಿ ಹತ್ತು ನಿಮಿಷ ಚಾಲೂ ಇಟ್ಟು ಕಾಸಿದ್ಮ್ಯಾಲೇ ಹೊರಡಬೇಕೇನ್ರಿ?

ಬ್ಯಾಡ ಅಕ್ಕೋರೆ, ಒಂದು ನಿಮಿಷ ಸಾಕೋ ಸಾಕು. ನಿಂತಲ್ಲೇ ಇಟ್ರ ಎಂಜಿನ್ ಕಾಯೋದು ನಿಧಾನ, ಅಷ್ಟೊತ್ತೂ ಜಾಸ್ತಿ ಪೆಟ್ರೋಲ್ ಸಿಲಿಂಡರ್ ಗೋಡೆ ಮ್ಯಾಲಿನ ಆಯಿಲ್ ತೊಳೀತಿರ್ತದ. ಚಾಲೂ ಮಾಡಿ, ಹೆಲ್ಮೆಟ್ ಹಾಕ್ಕೊಂಡು, ಬ್ಯಾಗ್ ಸರಿ ಮಾಡ್ಕೊಂಡು ಹೊರಡ್ರಿ, ಮೊದಲ ಒಂದೆರಡು ಕಿಲೋಮೀಟರ್ 30-35ರಾಗ ಸಾವಕಾಶ ಹೋಗ್ರಿ. ಹತ್ತು ನಿಮಿಷ ಕಾಸಿದ್ರ ಮಾತ್ರ ಹೊರಡ್ತದ ಅನ್ನೋ ಪರಿಸ್ಥಿತಿ ಇದ್ರ ಗಾಡಿಗೆ ರಿಪೇರಿ ಬೇಕು. ಇನ್ನೊಂದು, ಪಡಸಾಲ್ಯಾಗ ಬಾಗಿಲು ಹಾಕ್ಕೊಂಡು ಮಾತ್ರ ಗಾಡಿ ಚಾಲೂ ಇಡಬ್ಯಾಡ್ರಿ, ಆ ಹೊಗ್ಯಾಗ ಕಾರ್ಬನ್ ಮೊನಾಕ್ಸೈಡ್ ಇರ್ತದ, ವಾಸನಿ ಬರಂಗಿಲ್ಲ, ಜೀವ ತೆಗೀತದ.

ಸೆಲ್ಫ್ ಹೊಡದ್ರ ಕಟ್ ಕಟ್ ಅಂತದ, ಕಿಕ್ ಹೊಡದ್ರ ಒಂದೇ ಏಟಿಗೆ ಚಾಲೂ

ಬ್ಯಾಟರಿ. ಹೆಚ್ಚಿನ ಸ್ಕೂಟಿ ಬ್ಯಾಟರಿ 12 ವೋಲ್ಟ್‌ವು, 3ರಿಂದ 5 ಆಂಪಿಯರ್-ಅವರ್‌ನ ಸಣ್ಣವು. ಬ್ಯಾಟರಿ ಜೀವ ತಿನ್ನೋದು ನಮ್ಮ ಬ್ಯಾಸಗಿ, ಸತ್ತಿದ್ದು ಗೊತ್ತಾಗೋದು ಥಂಡ್ಯಾಗ. ಯಾಕಂದ್ರ ಥಂಡ್ಯಾಗ ಬ್ಯಾಟರಿ ಒಳಗಿನ ರಾಸಾಯನಿಕ ಕ್ರಿಯಾ ನಿಧಾನ ಆಗ್ತದ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ದಪ್ಪ ಆಗಿ ತಿರುಗಿಸ್ಲಿಕ್ಕೆ ಜಾಸ್ತಿ ಶಕ್ತಿ ಬೇಕಾಗ್ತದ. ರಾತ್ರಿ ನಿಲ್ಲಿಸಿದ ಗಾಡಿಗೆ ಮುಂಜಾನಿ ಮೀಟರ್ ಹಚ್ಚಿದ್ರ 12.6 ಹತ್ರ ಇದ್ರ ಗಟ್ಟಿ, 12.2ಕ್ಕಿಂತ ಕೆಳಗ ಇದ್ರ ಅರ್ಧ ಖಾಲಿ. ಸೆಲ್ಫ್ ಹೊಡೆಯೋವಾಗ 9.6ಕ್ಕಿಂತ ಕೆಳಗ ಬಿದ್ರ ಬದಲ್ಸೋ ಹೊತ್ತು ಬಂದದ. ಆದ್ರ ಬದಲ್ಸೋಕ್ಕಿಂತ ಮೊದಲು ಟರ್ಮಿನಲ್ ಮ್ಯಾಲಿನ ಬಿಳಿ ಪುಡಿ ಬಿಸಿನೀರಿಲೆ ತೊಳದು ಬಿಗಿ ಮಾಡ್ರಿ, ಗಾಡಿ ಓಡೋವಾಗ ಚಾರ್ಜಿಂಗ್ 13.8ರಿಂದ 14.5 ಬರ್ತದೋ ಇಲ್ಲೋ ನೋಡ್ರಿ, ಅದೇ ಬರದಿದ್ರ ಹೊಸ ಬ್ಯಾಟರೀನೂ ತಿಂಗಳೊಪ್ಪತ್ತಿನಾಗ ಹಂಗೇ ಆಗ್ತದ.

ಎಫ್‌ಐ ಗಾಡಿಯವರಿಗೆ ಒಂದು ಮಾತು, ನಿಮಗ ಪಂಪ್, ಇಂಜೆಕ್ಟರ್, ಕಂಪ್ಯೂಟರ್ ಎಲ್ಲಾ ಕರೆಂಟಿನ ಮ್ಯಾಲೇ ನಡೀತಾವ. ಬ್ಯಾಟರಿ ಪೂರಾ ಸತ್ತಿದ್ರ ಕಿಕ್ ಹೊಡದು ಕಾಲು ನೋಯಿಸ್ಕೊಂಡ್ರೂ ಕೆಲವು ಗಾಡಿ ಚಾಲೂ ಆಗಂಗಿಲ್ಲ, ಕೆಲವಕ್ಕ ಕಿಕ್ಕೇ ಕೊಟ್ಟಿಲ್ಲ. ಮತ್ತ ಸೈಡ್ ಸ್ಟ್ಯಾಂಡ್ ಕೆಳಗಿದ್ರ ಹೊಸ ಗಾಡಿ ಚಾಲೂ ಆಗಂಗಿಲ್ಲ ಅನ್ನೋದನ್ನ ಮರತು ಗ್ಯಾರೇಜ್‌ಗೆ ಫೋನ್ ಮಾಡೋರೂ ಅದಾರ, ನಗಬ್ಯಾಡ್ರಿ.

## ಚಾಲೂ ಆಗ್ತದ, ಆದ್ರ…

ಚಾಲೂ ಆಗ್ತೈತಿ, ರೇಸ್ ಕೊಟ್ಟ ಕೂಡ್ಲೆ ಭುಸ್ ಅಂತ ಬಂದ್ ಬೀಳ್ತೈತಿ, ಎರಡ್ ಕಿಲೋಮೀಟರ್ ಆತಂದ್ರ ಏನೂ ಆಗೇ ಇಲ್ಲ ಅನ್ನಂಗ ಓಡ್ತೈತಿ. ಏನಿದು?

ನೂರಕ್ಕ ಎಂಬತ್ತು ಮಂದಿ ಕೇಳೋದು ಇದನ್ನೇ. ಕಾರ್ಬೋರೇಟರ್ ಗಾಡಿ ಆದ್ರ ಮೊದಲ ಅನುಮಾನ ಪೈಲಟ್ ಜೆಟ್ ಮ್ಯಾಲ, ಮಿಸ್ತ್ರಿಗಳು ಸ್ಲೋ ಜೆಟ್ ಅಂತಾರ. ಐಡ್ಲಿಂಗ್‌ನಾಗ, ಅಂದ್ರ ರೇಸ್ ಕೊಡದೇ ಎಂಜಿನ್ ನಿಂತಲ್ಲೇ ತಿರುಗೋವಾಗ, ಮತ್ತ ಜರಾ ಥ್ರಾಟಲ್ ತೆರೆದಾಗ ಪೆಟ್ರೋಲ್ ಬರೋದು ಇದರಿಂದನೇ. ಇದರ ತೂತು ಅರ್ಧ ಮಿಲಿಮೀಟರ್‌ಗಿಂತ ಸಣ್ಣದು, ಹಳೇ ಪೆಟ್ರೋಲಿನ ಅಂಟು ಒಂದು ಪದರ ಕುಂತ್ರ ಸಾಕು ಅರ್ಧ ಮುಚ್ತದ. ಬಿಸಿ ಎಂಜಿನ್‌ಗೆ ಆ ಅರ್ಧ ಸಾಲ್ತದ, ತಣ್ಣನ ಎಂಜಿನ್‌ಗೆ ಸಾಲಂಗಿಲ್ಲ.

ಪರೀಕ್ಷಾ ಸರಳ ಅದ. ಬಂದ್ ಬೀಳೋ ಹೊತ್ತಿನಾಗ ಚೋಕ್ ಅರ್ಧ ಎಳೀರಿ. ಚೋಕ್ ಎಳದಾಗ ಗಾಡಿ ಸುಧಾರಿಸಿದ್ರ ಪೆಟ್ರೋಲ್ ಕಡಿಮಿ ಬರ್ಲಿಕತ್ತದ ಅಂತ ಅರ್ಥ, ಜೆಟ್ ಇಲ್ಲಾ ಎಲ್ಲೋ ಗಾಳಿ ಸೋರಿಕಿ. ಚೋಕ್ ಎಳದಾಗ ಇನ್ನೂ ಕೆಟ್ಟು ಗಗ್ಗರಿಸಿ ಕಪ್ಪು ಹೊಗಿ ಬಿಟ್ರ ಪೆಟ್ರೋಲ್ ಜಾಸ್ತಿ ಆಗೇದ, ಏರ್ ಫಿಲ್ಟರ್ ಇಲ್ಲಾ ಕಾರ್ಬೋರೇಟರ್ ಬಟ್ಟಲಿನಾಗ ಪೆಟ್ರೋಲ್ ಮಟ್ಟ ಕಾಯೋ ಫ್ಲೋಟ್ ಕಡೆ ನೋಡ್ಬೇಕು. ಈ ಒಂದು ಪರೀಕ್ಷಾ ಮಾಡ್ದೇ ಕಾರ್ಬೋರೇಟರ್ ಬಿಚ್ಚೋ ಮಿಸ್ತ್ರಿ ಹತ್ರ ಹೋಗಬ್ಯಾಡ್ರಿ ಅಂತ ನನ್ನ ಅಭಿಪ್ರಾಯ.

ಬಿಚ್ಚಿದ್ರ ಪೂರಾ ಬಿಚ್ಚಬೇಕು. ಮ್ಯಾಲಿಂದ ಸ್ಪ್ರೇ ಹೊಡದು ಒರೆಸಿದ್ರ ಜೆಟ್ ತೂತಿಗೆ ಏನೂ ಮುಟ್ಟಂಗಿಲ್ಲ. ಪೆಟ್ರೋಲ್-ಗಾಳಿ ಪಾಲು ಹೊಂದಿಸೋ ಮಿಕ್ಶ್ಚರ್ ಸ್ಕ್ರೂ ತೆಗೆಯೋಕ್ಕಿಂತ ಮೊದಲು ಅದನ್ನ ಮೆಲ್ಲಕ ಒಳಗ ತಿರುವಿ ಎಷ್ಟು ಸುತ್ತಿಗೆ ಕೂಡ್ತದ ಅಂತ ಎಣಿಸಿ ಬರದಿಟ್ಕೊಳ್ರಿ, ವಾಪಸ್ ಅಷ್ಟೇ ಸುತ್ತು ಬಿಡಬೇಕು. ಜೆಟ್‌ನ ಕಾರ್ಬೋರೇಟರ್ ಕ್ಲೀನರ್‌ನಾಗ ನೆನೆಯಿಟ್ಟು ಕಂಪ್ರೆಸರ್ ಹವಾ ಹೊಡೀರಿ, ಬೆಳಕಿಗೆ ಹಿಡದ್ರ ತೂತು ದುಂಡಗ ಕಾಣ್ಬೇಕು. ಮೊಂಡು ಕಸ ಇದ್ರ ವೈರಿನ ತೆಳ್ಳನ ತಾಮ್ರದ ಎಳಿ ಒಂದು ಹಾಯಿಸಬಹುದು, ಸೂಜಿ, ಸ್ಟೀಲ್ ತಂತಿ ಹಾಕಿದ್ರ ಹಿತ್ತಾಳಿ ಸವೆದು ತೂತು ದೊಡ್ಡದಾಗ್ತದ, ಮುಂದ ಎವರೇಜ್ ಹೋತು ಅಂತ ಮತ್ತ ನನಗೇ ಕೇಳ್ತೀರಿ.

ಮಿಸ್ತ್ರಿ ಐಡ್ಲಿಂಗ್ ಏರ್ಸಿ ಕೊಟ್ಟ, ಈಗ ಮುಂಜಾನಿ ಬಂದ್ ಬೀಳಂಗಿಲ್ಲ ಖರೇ, ಆದ್ರ ಸಿಗ್ನಲ್‌ನಾಗ ಬ್ರೇಕ್ ಬಿಟ್ರ ಗಾಡಿ ತಾನೇ ಮುಂದ ಹೋಗ್ತದ

ರೋಗ ಅಲ್ಲೇ ಅದ, ಮ್ಯಾಲ ಚಾದರ ಹೊಚ್ಚಿ ಕೊಟ್ಟಾರ. ಸ್ಕೂಟಿ ಕ್ಲಚ್ ಹಿಡಿಯೋದು ಎಂಜಿನ್ ಸುತ್ತಿನ ಮ್ಯಾಲ, ಸುತ್ತು ಏರಿದ್ರ ಕ್ಲಚ್ ಶೂ ಹೊರಗ ಸರದು ಸುತ್ತಲಿನ ಬಟ್ಟಲು, ಅಂದ್ರ ಬೆಲ್ ಹಿಡೀತಾವ. ಬಿಸಿ ಎಂಜಿನ್‌ನಾಗ ಐಡ್ಲಿಂಗ್ ಹೆಚ್ಚಿನ ಗಾಡಿಗೆ 1,500ರಿಂದ 1,800 ಸುತ್ತು ಇರ್ತದ. ಅದಕ್ಕಿಂತ ಭಾಳ ಮ್ಯಾಲ ಹೋದ್ರ ಶೂ ಅರ್ಧ ಹಿಡದು ಉಜ್ಜತಾವ, ಕಾಯ್ತಾವ, ಸವೀತಾವ, ಮಂದಿ ನಡುವ ಗಾಡಿ ನುಗ್ಗತದ. ಐಡ್ಲಿಂಗ್ ಸ್ಕ್ರೂ ಮುಟ್ಟೋದು ಯಾವಾಗ್ಲೂ ಕಡೀ ಕೆಲಸ, ಅದೂ ಗಾಡಿ ಪೂರಾ ಬಿಸಿ ಆದ್ಮ್ಯಾಲ.

ಪ್ಲಗ್ ತಗದು ನೋಡು ಅಂತಾರ ಎಲ್ಲಾರೂ, ಏನ್ ನೋಡ್ಬೇಕು ಅಂತ ಯಾರೂ ಹೇಳಂಗಿಲ್ಲ

ಬಣ್ಣ ನೋಡ್ಬೇಕು. ತುದಿ ತೆಳು ಕಂದು ಇದ್ರ ಎಲ್ಲಾ ಸರಿ ಅದ. ಒಣಾ ಕರಿ ಮಸಿ ಅಂದ್ರ ಪೆಟ್ರೋಲ್ ಜಾಸ್ತಿ. ಸುಣ್ಣದಂಥಾ ಬಿಳುಪು ಅಂದ್ರ ಪೆಟ್ರೋಲ್ ಕಡಿಮಿ. ಜಿಡ್ಡಿನ ಕಪ್ಪು, ಒರೆಸಿದ್ರ ಕೈಗೆ ಆಯಿಲ್ ಹತ್ತತದ ಅಂದ್ರ ರಿಂಗ್ ಇಲ್ಲಾ ವಾಲ್ವ್ ಸೀಲ್ ಹೋಗೇದ. ಚಾಲೂ ಆಗದ ಗಾಡಿ ಪ್ಲಗ್ ಪೆಟ್ರೋಲಿನಾಗ ತೋದಿದ್ರ ಅದನ್ನ ಒಣಗಿಸಿ, ಚೋಕ್ ವಾಪಸ್ ಒತ್ತಿ, ಥ್ರಾಟಲ್ ಪೂರಾ ತೆರೆದು ಐದಾರು ಕಿಕ್ ಹೊಡೀರಿ, ಒಳಗಿನ ಹಸಿ ಹೋಗ್ತದ.

ಪ್ಲಗ್ ತುದ್ಯಾಗ ಕಿಡಿ ಹಾರೋ ಗ್ಯಾಪ್ ಹೆಚ್ಚಿನ ಗಾಡಿಗೆ 0.8 ಮಿಲಿಮೀಟರ್ ಸುತ್ತ ಇರ್ತದ, ನಿಮ್ಮ ಗಾಡಿ ಬುಕ್ ನೋಡ್ಕೊಳ್ರಿ. ಸವೆದು ಗ್ಯಾಪ್ ಅಗಲ ಆದ್ರ ಕಿಡಿ ಹಾರ್ಲಿಕ್ಕೆ ಜಾಸ್ತಿ ವೋಲ್ಟೇಜ್ ಬೇಕು, ಥಂಡ್ಯಾಗ ಸೆಲ್ಫ್ ಹೊಡೆದು ಬ್ಯಾಟರಿ ಬಗ್ಗಿದಾಗ ಅದು ಸಿಗಂಗಿಲ್ಲ. ಪ್ಲಗ್ ಹಳೇದಾಗಿದ್ರ ಪಾಲೀಶ್ ಪೇಪರ್ ಹಾಕಿ ತಿಕ್ಕೋಕ್ಕಿಂತ ಹೊಸಾದು ಹಾಕ್ರಿ, ಅದರಾಗ ಏನು ಉಳಿಸ್ತೀರಿ.

ಸಂಡೂರ್ ಕಡೆ ಕೆಲಸಕ್ಕೆ ಹೋಗ್ತೀನಿ, ಅದಿರಿನ ಧೂಳು ನೋಡಿದ್ದೀರಲ್ಲ, ಏರ್ ಫಿಲ್ಟರ್‌ನಿಂದನೇ ಮುಂಜಾನೆ ಹಿಂಗೆ ಆಗ್ತೈತೆ ಅಂತ ಅನ್ಸುತ್ತೆ

ಧೂಳು ಖರೇ, ಆದ್ರ ನಿಮ್ಮ ಲೆಕ್ಕ ಜರಾ ಉಲ್ಟಾ ಅದ. ಫಿಲ್ಟರ್ ಕಟ್ಟಿದ್ರ ಗಾಳಿ ಕಡಿಮಿ ಆಗ್ತದ, ಅಂದ್ರ ಅದು ಅರ್ಧ ಚೋಕ್ ಎಳದಂಗೇ ಕೆಲಸ ಮಾಡ್ತದ. ಅಂಥಾ ಗಾಡಿ ಮುಂಜಾನಿ ಛಲೋ ಚಾಲೂ ಆಗಿ, ಬಿಸಿ ಆದ್ಮ್ಯಾಲ ಎಳೆಯಂಗಿಲ್ಲ, ಪಿಕಪ್ ಇರಂಗಿಲ್ಲ, ಎವರೇಜ್ ಬೀಳ್ತದ. ಮುಂಜಾನಿ ಮಾತ್ರ ತ್ರಾಸ ಇದ್ದು ಆಮ್ಯಾಲ ಸರಿ ಹೋಗ್ತದ ಅಂದ್ರ ಫಿಲ್ಟರ್ ಬಿಟ್ಟು ಬ್ಯಾರೆ ಕಡೆ ನೋಡ್ರಿ.

ಹಂಗಂತ ಫಿಲ್ಟರ್ ಮರೀಬ್ಯಾಡ್ರಿ. ಸಂಡೂರು-ತೋರಣಗಲ್ ಕೆಂಪು ಧೂಳು, ಶಕ್ತಿನಗರ ಕಡೆ ಥರ್ಮಲ್ ಬೂದಿ, ಗಂಗಾವತಿ-ಸಿಂಧನೂರಾಗ ರೈಸ್ ಮಿಲ್ ಹೊಟ್ಟಿನ ಪುಡಿ, ಮೂರೂ ಫಿಲ್ಟರ್‌ಗೆ ಶತ್ರುಗಳೇ. ಬುಕ್ಕಿನಾಗ ಬರದ ಕಿಲೋಮೀಟರ್‌ಕ್ಕಿಂತ ಮೊದಲೇ ಬದಲ್ಸ್ಬೇಕು. ಎಣ್ಣಿ ಸವರಿದ ಕಾಗದದ ಫಿಲ್ಟರ್ ಇದ್ರ ಅದಕ್ಕ ಹವಾ ಹೊಡೀಬಾರದು, ತೊಳೀಬಾರದು, ಬದಲ್ಸೋದೊಂದೇ ದಾರಿ. ಸ್ಪಂಜಿಂದು ಆದ್ರ ತೊಳದು ಒಣಗಿಸಿ ಎಣ್ಣಿ ಸವರಿ ಹಾಕ್ಬಹುದು.

ಇ20 ಪೆಟ್ರೋಲ್ ಬಂದ್ಮ್ಯಾಲೇ ನನ್ನ ಹಳೇ ಗಾಡಿ ಮುಂಜಾನಿ ಸತಾಯಿಸ್ಲಿಕತ್ತದ, ಇದು ನನ್ನ ಭ್ರಮಾನೋ?

ಪೂರಾ ಭ್ರಮಾ ಅಲ್ಲ. 2023ರ ಫೆಬ್ರವರ್ಯಾಗ ಬೆಂಗಳೂರಾಗ ಇ20 ಬಿಡುಗಡಿ ಮಾಡಿದ್ರು, ಆಮ್ಯಾಲ ಒಂದೊಂದೇ ಕಡೆ ಬಂತು. ಇದರಾಗ ನೂರಕ್ಕ 20 ಪಾಲು ಎಥೆನಾಲ್. ಎಥೆನಾಲ್ ಆವಿ ಆಗ್ಲಿಕ್ಕೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಕ್ಕಿ ಶಾಖ ಎಳಕೊಳ್ತದ. ಪೆಟ್ರೋಲಿನಾಗಿನ ಹಗುರ ಅಂಶ 35-40 ಡಿಗ್ರ್ಯಾಗೇ ಕುದಿಯಾಕ ಶುರು ಮಾಡ್ತಾವ, ಎಥೆನಾಲ್‌ಗೆ 78 ಡಿಗ್ರಿ ಬೇಕು. ಅದಲ್ದೇ ಎಥೆನಾಲ್ ಉರೀಲಿಕ್ಕೆ ಗಾಳಿ ಕಡಿಮಿ ಸಾಕು, ಒಂದಕ್ಕ ಸುಮಾರು 9 ಪಾಲು, ಅಂದ್ರ ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಬೇಕು, ಹಳೇ ಜೆಟ್ ಮೊದಲಿನಷ್ಟೇ ಬಿಡ್ತದ, ಹಿಂಗಾಗಿ ಮಿಕ್ಶ್ಚರ್ ಇನ್ನೂ ತೆಳ್ಳಗಾಗ್ತದ. ಮೊದಲೇ ಅಂಚಿನ ಮ್ಯಾಲ ನಿಂತ ಕಾರ್ಬೋರೇಟರ್ ಗಾಡಿಗೆ ಇಷ್ಟು ಸಾಕು.

ಎಫ್‌ಐ ಗಾಡಿ ಸೈಲೆನ್ಸರ್ ಕಡೆ ಇರೋ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಸರಿ ಮಾಡ್ಕೊಳ್ತದ, ಆದ್ರ ಆ ಸೆನ್ಸರ್ ಕಾದ್ಮ್ಯಾಲೇ ಕೆಲಸ ಮಾಡೋದು, ಮೊದಲ ನಿಮಿಷದಾಗ ಅದಕ್ಕೂ ಕಣ್ಣಿಲ್ಲ. ಮಾಡೋದೇನು? ಜೆಟ್ ಸ್ವಚ್ಛ ಇಡ್ರಿ, ಮಿಕ್ಶ್ಚರ್ ಸ್ಕ್ರೂ ತಿಳದವರ ಕೈಲಿ ಅರ್ಧ ಸುತ್ತಿನೊಳಗ ಸರಿ ಮಾಡಿಸ್ರಿ. ಟ್ಯಾಂಕಿನಾಗ ನೀರು ಸೇರದಂಗ ನೋಡ್ಕೊಳ್ರಿ, ಎಥೆನಾಲ್ ನೀರು ಎಳಕೊಳ್ತದ, ಜಾಸ್ತಿ ಆದ್ರ ನೀರು-ಎಥೆನಾಲ್ ಕೂಡಿ ಪೆಟ್ರೋಲಿನಿಂದ ಬಿಟ್ಟು ಕೆಳಗ ಕೂಡ್ತದ, ಮುಂಜಾನಿ ಮೊದಲು ಎಂಜಿನ್‌ಗೆ ಹೋಗೋದು ಅದೇ.

ಆಯಿಲ್ ಅಂಗಡ್ಯಾಂವ ನಮ್ಮ ಬಿಸಲಿಗೆ ದಪ್ಪಂದೇ ಛಲೋ ಅಂತ 20ಡಬ್ಲ್ಯೂ-50 ಕೊಟ್ಟಾನ, ನಡೀತದೇನು?

ಬ್ಯಾಡ. ಡಬ್ಲ್ಯೂಕ್ಕಿಂತ ಮೊದಲು ಬರೋ ಅಂಕಿ ತಣ್ಣಗಿದ್ದಾಗಿನ ದಪ್ಪ, ಆಮ್ಯಾಲ ಬರೋ ಅಂಕಿ ಬಿಸಿ ಇದ್ದಾಗಿನದು. ಈಗಿನ ಹೆಚ್ಚಿನ ಸ್ಕೂಟಿಗೆ ಕಂಪನಿ ಹೇಳೋದು 10ಡಬ್ಲ್ಯೂ-30 ಇಲ್ಲಾ 10ಡಬ್ಲ್ಯೂ-40. ದಪ್ಪಂದು ಹಾಕಿದ್ರ ಮುಂಜಾನಿ ಸೆಲ್ಫ್ ಮೆಲ್ಲಕ ತಿರುಗ್ತದ, ಮ್ಯಾಲಿನ ವಾಲ್ವ್ ತನಕ ಆಯಿಲ್ ತಡವಾಗಿ ಮುಟ್ತದ. ಡಬ್ಬಿ ಮ್ಯಾಲ ಎಂಬಿ ಅಂತ ಇರೋ ಸ್ಕೂಟರ್ ಆಯಿಲ್ ಕೇಳ್ರಿ, ಎಂಎ ಅಂದ್ರ ಕ್ಲಚ್ ಆಯಿಲಿನಾಗೇ ಮುಳುಗಿರೋ ಬೈಕಿಂದು.

ಎಂಜಿನ್ ಶಬ್ದ ಸರಿ ಐತಿ, ಆದ್ರ ಮುಂಜಾನೆ ಹೊರಡೋವಾಗ ಇಡೀ ಗಾಡಿ ಗಡಗಡ ನಡಗ್ತೈತಿ

ಹಂಗಿದ್ರ ಅದು ಪೆಟ್ರೋಲ್ ಸಂಗತಿ ಅಲ್ಲ, ಕ್ಲಚ್. ಶೂ ಮ್ಯಾಲ ಧೂಳು ಕುಂತು ಹೊಳಪು ಹತ್ತಿದ್ರ ತಣ್ಣಗಿದ್ದಾಗ ಒಮ್ಮೆ ಹಿಡೀತದ ಒಮ್ಮೆ ಬಿಡ್ತದ. ಎಡಗಡೆ ಕವರ್ ಬಿಚ್ಚಿ ಬೆಲ್, ಶೂ ಸ್ವಚ್ಛ ಮಾಡಿ ಪಾಲೀಶ್ ಪೇಪರ್ ಹಚ್ಚಿದ್ರ ಸರಿ ಹೋಗ್ತದ, ಬೆಲ್ಟಿನ ಬಿರುಕೂ ಅವಾಗೇ ನೋಡಿಸಿಬಿಡ್ರಿ.

ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದ್ರ ಮಾತ್ರ ಚಾಲೂ ಆಗಂಗಿಲ್ಲ, ದಿನಾ ಓಡಿಸಿದ್ರ ಏನೂ ಇಲ್ಲ

ಕಾರ್ಬೋರೇಟರ್ ಕೆಳಗಿನ ಬಟ್ಟಲಿನಾಗ ಇದ್ದ ಪೆಟ್ರೋಲಿನ ಹಗುರ ಅಂಶ ಹಾರಿಹೋಗಿ ಉಳದಿದ್ದು ಬೆಂಕಿ ಹಿಡಿಯಂಗಿಲ್ಲ. ಬಟ್ಟಲಿನ ಕೆಳಗ ಡ್ರೇನ್ ಸ್ಕ್ರೂ ಇರ್ತದ, ಅದನ್ನ ಸಡಿಲ ಮಾಡಿ ಹಳೇದನ್ನ ಬಿಟ್ಟುಬಿಡ್ರಿ, ಬೀಡಿ-ಸಿಗರೇಟ್ ದೂರ ಇರ್ಲಿ. ಭಾಳ ಸ್ಕೂಟಿಗೆ ವ್ಯಾಕ್ಯೂಮ್ ಕಾಕ್ ಇರ್ತದ, ಎಂಜಿನ್ ತಿರುಗಿದ್ರ ಮಾತ್ರ ಪೆಟ್ರೋಲ್ ಬಿಡ್ತದ, ಹಿಂಗಾಗಿ ಬಟ್ಟಲು ತುಂಬೋ ತನಕ ಕಿಕ್ ಹೊಡೀಬೇಕಾಗ್ತದ. ಸೆಲ್ಫ್ ಆದ್ರ ಐದು ಸೆಕೆಂಡ್ ಹೊಡದು ಹತ್ತು ಸೆಕೆಂಡ್ ಬಿಡ್ರಿ.

## ಜರಾ ಒಳಗಿನವು

ಆಟೋ ಚೋಕ್ ಹೋಗೇದ ಅಂತಾನ ಮಿಸ್ತ್ರಿ, ಖರೇನೋ ಸುಳ್ಳೋ ನಾನೇ ನೋಡಬಹುದಾ?

ನೋಡಬಹುದು. ಕಾರ್ಬೋರೇಟರ್ ಮ್ಯಾಲ ಎರಡು ವೈರಿನ ಒಂದು ಸಣ್ಣ ಡಬ್ಬಿ ಇರ್ತದ, ಒಳಗ ಮೇಣ, ಅದಕ್ಕ ಒಂದು ಹೀಟರ್, ತುದಿಗೆ ಹಿತ್ತಾಳಿ ಸೂಜಿ. ತಣ್ಣಗಿದ್ದಾಗ ಸೂಜಿ ಮ್ಯಾಲ ಇದ್ದು ಹೆಚ್ಚುವರಿ ಪೆಟ್ರೋಲಿನ ದಾರಿ ತೆರೆದಿರ್ತದ. ಎಂಜಿನ್ ಚಾಲೂ ಆತು ಅಂದ್ರ ಕರೆಂಟ್ ಬಂದು ಮೇಣ ಕಾದು ಉಬ್ಬಿ ಸೂಜಿನ ಕೆಳಗ ತಳ್ಳಿ ಕೆಲವು ನಿಮಿಷದಾಗ ದಾರಿ ಮುಚ್ತದ. ಬಿಚ್ಚಿ 12 ವೋಲ್ಟ್ ಬ್ಯಾಟರಿ ಹಚ್ಚಿ ಐದು ನಿಮಿಷ ಇಡ್ರಿ, ಡಬ್ಬಿ ಬಿಸಿ ಆಗಿ ಸೂಜಿ ಉದ್ದ ಬಂದ್ರ ಅದು ಬದುಕೇದ. ಬರದಿದ್ರ ಮಿಸ್ತ್ರಿ ಮಾತು ಖರೇ.

ಆದ್ರ ಒಂದು ವ್ಯತ್ಯಾಸ ತಿಳಕೊಳ್ರಿ. ಹೀಟರ್ ಸುಟ್ಟಿದ್ರ, ಇಲ್ಲಾ ವೈರ್ ಕಿತ್ತಿದ್ರ ದಾರಿ ತೆರೆದೇ ಇರ್ತದ, ಗಾಡಿ ಮುಂಜಾನಿ ಛಲೋ ಚಾಲೂ ಆಗಿ ಬಿಸಿ ಆದ್ಮ್ಯಾಲ ಕಪ್ಪು ಹೊಗಿ, ಎವರೇಜ್ ಖಲಾಸ್. ಸೂಜಿ ಕೆಳಗೇ ಸಿಕ್ಕಿಕೊಂಡಿದ್ರ ಮಾತ್ರ ಥಂಡಿ ತ್ರಾಸ. ನಿಮ್ಮ ಗಾಡಿ ತ್ರಾಸ ಮುಂಜಾನಿದು ಇದ್ದು ಮಿಸ್ತ್ರಿ ವೈರ್ ಸುಟ್ಟದ ಅಂದ್ರ ಎರಡಕ್ಕೂ ಹೊಂದಿಕಿ ಆಗಂಗಿಲ್ಲ, ಇನ್ನೊಮ್ಮೆ ಕೇಳ್ರಿ.

ಎಫ್‌ಐ ಗಾಡಿ ಸರ್, ಚೋಕೂ ಇಲ್ಲ ಜೆಟ್ಟೂ ಇಲ್ಲ, ಆದ್ರೂ ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೀಬೇಕು

ಮೊದಲು ಚಾವಿ ಆನ್ ಮಾಡಿ ಪಂಪ್ ಶಬ್ದ ಪೂರಾ ಮುಗೀಲಿ, ಆಮ್ಯಾಲ ಸೆಲ್ಫ್. ಆನ್ ಮಾಡಿದ ಕೂಡ್ಲೆ ಗುಂಡಿ ಒತ್ತೋದು ಭಾಳ ಮಂದಿ ಚಟ. ಎರಡು ಸಲ ಆನ್-ಆಫ್ ಮಾಡಿ ಆಮ್ಯಾಲ ಹೊಡದಾಗ ಒಂದೇ ಏಟಿಗೆ ಚಾಲೂ ಆಗ್ತದ ಅಂದ್ರ ರಾತ್ರಿ ಲೈನಿನಾಗಿನ ಒತ್ತಡ ಇಳದು ಹೋಗ್ಲಿಕತ್ತದ, ಪಂಪಿನ ಒಳಗಿನ ವಾಲ್ವ್ ಇಲ್ಲಾ ಇಂಜೆಕ್ಟರ್ ಸೋರ್ತದ.

ಅದೂ ಅಲ್ಲ ಅಂದ್ರ ಟೆಂಪರೇಚರ್ ಸೆನ್ಸರ್. ಎಂಜಿನ್ ತಣ್ಣಗ ಅದಾ ಬಿಸಿ ಅದಾ ಅಂತ ಕಂಪ್ಯೂಟರ್‌ಗೆ ಹೇಳೋದು ಇದೇ, ತಣ್ಣಗಿದ್ದಾಗ ಇದರ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಗೆ ಕಡಿಮಿ. ಇದು ಸುಳ್ಳು ಹೇಳಿ ಎಂಜಿನ್ ಬಿಸಿ ಅದ ಅಂದ್ರ ಕಂಪ್ಯೂಟರ್ ಮುಂಜಾನಿಯ ಹೆಚ್ಚುವರಿ ಪೆಟ್ರೋಲ್ ಕೊಡಂಗೇ ಇಲ್ಲ. ಭಾಳ ಸಲ ಸೆನ್ಸರ್ ಸರಿ ಇದ್ದು ಅದರ ಕನೆಕ್ಟರ್‌ನಾಗ ಹಸಿರು ತುಕ್ಕು ಇರ್ತದ. ಹಳದಿ ಲೈಟ್ ಮಿಣುಕ್ತಿದ್ರ ಎಷ್ಟು ಸಲ ಅಂತ ಎಣಿಸ್ರಿ, ಹೋಂಡಾ ಗಾಡ್ಯಾಗ ಉದ್ದ ಮಿಣುಕು ಹತ್ತು, ಗಿಡ್ಡಂದು ಒಂದು. 7 ಬಂದ್ರ ಟೆಂಪರೇಚರ್ ಸೆನ್ಸರ್, 8 ಥ್ರಾಟಲ್ ಸೆನ್ಸರ್, 12 ಇಂಜೆಕ್ಟರ್. ಬ್ಯಾರೆ ಕಂಪನಿ ಲೆಕ್ಕ ಬ್ಯಾರೆ. ಲೈಟೇ ಇಲ್ಲ, ಐಡ್ಲಿಂಗ್ ಮಾತ್ರ ಕುಂಟ್ತದ ಅಂದ್ರ ಥ್ರಾಟಲ್ ಬಾಡಿ ಮತ್ತ ಐಡ್ಲಿಂಗ್ ಗಾಳಿಯ ವಾಲ್ವ್‌ನಾಗ ಕಾರ್ಬನ್ ಕಟ್ಟೇದ, ಸ್ವಚ್ಛ ಮಾಡಿಸ್ರಿ.

ಮನಿ ಕಾಲುವಿ ಪಕ್ಕ ಅದ, ಇಬ್ಬನಿ ಬಿದ್ದ ದಿನ ಮಾತ್ರ ಮಿಸ್ಸಿಂಗ್ ಹೊಡೀತದ

ತುಂಗಭದ್ರಾ ಎಡದಂಡೆ ಕಾಲುವಿ ಉದ್ದಕ್ಕೂ, ಮಾನ್ವಿ-ಸಿಂಧನೂರು ಕಡೆಯವರದು ಇದು ಹೆಚ್ಚು. ಪ್ಲಗ್ ಕ್ಯಾಪ್ ಸೀಳಿದ್ರ, ಇಲ್ಲಾ ಕಾಯಿಲ್ ವೈರ್ ಬಿರುಕು ಬಿಟ್ಟಿದ್ರ ಪಸಿ ಹಿಡದು ಕಿಡಿ ಪ್ಲಗ್‌ಗೆ ಮುಟ್ಟೋಕ್ಕಿಂತ ಮೊದಲೇ ಎಂಜಿನ್‌ಗೆ ಹಾರ್ತದ. ನಸುಕಿನ ಕತ್ತಲಾಗ ಗಾಡಿ ಚಾಲೂ ಮಾಡಿ ಆ ಕಡೆ ನೋಡ್ರಿ, ನೀಲಿ ಕಿಡಿ ಹೊರಗ ಕಾಣ್ತಾವ. ಕೈ ಮಾತ್ರ ಹಚ್ಚಬ್ಯಾಡ್ರಿ. ಕ್ಯಾಪ್ ಬದಲ್ಸಿ, ವೈರಿನ ತುದಿ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಕೂಡ್ಸಿದ್ರ ಮುಗೀತು.

ಜೆಟ್ ಕ್ಲೀನ್ ಆತು, ಪ್ಲಗ್ ಹೊಸಾದು, ಬ್ಯಾಟರಿ ಹೊಸಾದು, ಆದ್ರೂ ಅದೇ ಹಾಡು

ಎರಡು ಉಳದಾವ. ಒಂದು, ಕಾರ್ಬೋರೇಟರ್ ಮತ್ತ ಎಂಜಿನ್ ನಡುವಿನ ರಬ್ಬರ್ ಪೈಪ್, ಅದರ ಓ-ರಿಂಗ್. ನಮ್ಮ ಬಿಸಲಿಗೆ ರಬ್ಬರ್ ಒಣಗಿ ಸೀಳ್ತದ, ತಣ್ಣಗಿದ್ದಾಗ ಬಿರುಕು ತೆರೀತದ, ಬಿಸಿಗೆ ಉಬ್ಬಿ ಮುಚ್ತದ. ತಣ್ಣನ ಎಂಜಿನ್ ಚಾಲೂ ಮಾಡಿ ಆ ಜಾಗಕ್ಕ ಸಾಬೂನು ನೀರು ಸಿಂಪಡಿಸ್ರಿ, ಶಬ್ದ ಬದಲಾದ್ರ ಅಲ್ಲೇ ಸೋರಿಕಿ. ಪೆಟ್ರೋಲ್, ಸ್ಪ್ರೇ ಸಿಂಪಡಿಸಿ ನೋಡೋರೂ ಅದಾರ, ಬೆಂಕಿ ಹತ್ತಿದ್ರ ಯಾರು ಹೊಣಿ?

ಎರಡನೇದು ಟ್ಯಾಪೆಟ್, ಅಂದ್ರ ವಾಲ್ವ್ ಒತ್ತೋ ಭಾಗಕ್ಕೂ ವಾಲ್ವ್‌ಗೂ ನಡುವಿನ ಸಣ್ಣ ಗ್ಯಾಪ್. ಗ್ಯಾಪ್ ಜಾಸ್ತಿ ಆದ್ರ ಟಕ್ ಟಕ್ ಅಂತದ, ಎಲ್ಲಾರೂ ಮಿಸ್ತ್ರಿ ಹತ್ರ ಓಡ್ತಾರ. ಗ್ಯಾಪ್ ಕಡಿಮಿ ಆದ್ರ ಶಬ್ದನೇ ಇಲ್ಲ, ಎಂಜಿನ್ ಎಷ್ಟು ಮೆತ್ತಗದ ಅಂತ ಖುಷಿ ಪಡ್ತಾರ, ಒಳಗ ವಾಲ್ವ್ ಪೂರಾ ಮುಚ್ಚದೇ ಕಂಪ್ರೆಷನ್ ಸೋರ್ತಿರ್ತದ. ಮುಂಜಾನಿ ಸೆಲ್ಫ್ ನಿಧಾನ ತಿರುಗೋವಾಗ ಆ ಸೋರಿಕಿ ಜಾಸ್ತಿ ಕಾಡ್ತದ. ಇದನ್ನ ಗ್ಯಾಪ್ ಅಳಿಯೋ ತೆಳು ಪಟ್ಟಿ, ಅಂದ್ರ ಫೀಲರ್ ಗೇಜ್ ಹಾಕಿ ಬುಕ್ಕಿನ ಲೆಕ್ಕಕ್ಕ ಕೂಡ್ಸಬೇಕು, ಕಿವಿಲೆ ಕೇಳಿ ಕೂಡ್ಸೋದಲ್ಲ. ಮತ್ತ ಎಂಜಿನ್ ಪೂರಾ ತಣ್ಣಗಿರಬೇಕು. ಹೋಂಡಾ ಸರ್ವಿಸ್ ಬುಕ್ಕಿನಾಗ 35 ಡಿಗ್ರಿಗಿಂತ ಕೆಳಗ ಇದ್ದಾಗ ಮಾಡ್ರಿ ಅಂತ ಬರದಿರ್ತದ, ರಾಯಚೂರಾಗ ಏಪ್ರಿಲ್-ಮೇ ಒಳಗ ಮಧ್ಯಾಹ್ನ ಹೊರಗ ನಿಲ್ಲಿಸಿದ ಗಾಡಿ ಮುಟ್ಟದೇನೇ ಅಷ್ಟಕ್ಕ ಮಿಕ್ಕಿ ಇರ್ತದ. ಹಿಂಗಾಗಿ ಈ ಕೆಲಸಕ್ಕ ನಸುಕೇ ಛಲೋ, ಮಿಸ್ತ್ರಿನ ಎಬ್ಬಿಸೋದೊಂದು ಕಷ್ಟ.

ಇಷ್ಟಾದ್ರೂ ಆಗ್ಲಿಲ್ಲ, ನೀಲಿ ಹೊಗಿ ಬರ್ತದ, ಆಯಿಲ್ ಇಳೀತದ ಅಂದ್ರ ಕಂಪ್ರೆಷನ್ ಗೇಜ್ ಹಚ್ಚಿಸ್ರಿ, ಅದು ರಿಂಗ್-ಪಿಸ್ಟನ್ ಮಾತು, ಖರ್ಚಿನ ಮಾತು.

ನಮ್ಮಪ್ಪಾಜಿ ಹಳೇ ಚೇತಕ್ ಐತೆ, ಅದನ್ನ ಬಗ್ಗಿಸಿ ಕಿಕ್ ಹೊಡೀತಿದ್ರು, ಅದು ಯಾಕೆ?

ಗಾಡಿ ಬಗ್ಗಿಸಿದ್ರ ಕಾರ್ಬೋರೇಟರ್ ಬಟ್ಟಲಿನ ಫ್ಲೋಟ್ ಓರೆ ಆಗಿ ಪೆಟ್ರೋಲ್ ಜಾಸ್ತಿ ಬಂದು ಉಕ್ಕತದ, ಅಂದ್ರ ಬಡವರ ಚೋಕ್. ಅವರು ಮಾಡಿದ್ದು ಸರಿನೇ ಇತ್ತು. ಟೂ-ಸ್ಟ್ರೋಕ್ ಗಾಡ್ಯಾಗ ಥಂಡಿ ತ್ರಾಸಕ್ಕ ಮೊದಲು ಪ್ಲಗ್ ನೋಡ್ರಿ, ಆಯಿಲ್ ಕಲಿಸಿದ ಪೆಟ್ರೋಲ್ ಆದ್ದರಿಂದ ಜಿಡ್ಡು ಕಟ್ತದ. ವರ್ಷಗಟ್ಟಲೆ ನಿಂತ ಗಾಡಿ ಆಗಿದ್ರ ಕ್ರ್ಯಾಂಕ್ ಆಯಿಲ್ ಸೀಲ್ ಒಣಗಿ ಗಾಳಿ ಎಳೀತಿರ್ತದ. ಈಗಿನ ಎಫ್‌ಐ ಗಾಡಿನ ಮಾತ್ರ ಹಂಗ ಬಗ್ಗಿಸಬ್ಯಾಡ್ರಿ, ಅದರಿಂದ ಏನೂ ಆಗಂಗಿಲ್ಲ, ಗಾಡಿ ಬಿದ್ರ ಎಂಜಿನ್ ಬಂದ್ ಮಾಡೋ ಸೆನ್ಸರ್ ಕೆಲವದರಾಗ ಇರ್ತದ.

ಗ್ಯಾರೇಜ್‌ಗೆ ಹೋಗೋದ್ರಾಗ ಗಾಡಿ ಬಿಸಿ ಆಗಿ ಸರಿ ಹೋಗಿರ್ತದ, ಮಿಸ್ತ್ರಿ ಏನೂ ಆಗಿಲ್ಲ ಹೋಗು ಅಂತಾನ. ಏನ್ ಮಾಡ್ಲಿ?

ಹಿಂದಿನ ದಿನ ಸಂಜಿಕೇನೇ ಗಾಡಿ ಅವರ ಹತ್ರ ಬಿಟ್ಟು ಬರ್ರಿ, ಮುಂಜಾನಿ ನೀವು ಬರೋ ತನಕ ಯಾರೂ ಚಾಲೂ ಮಾಡಬಾರದು ಅಂತ ಹೇಳ್ರಿ, ಬೇಕಾದ್ರ ಸೀಟ್ ಮ್ಯಾಲ ಚೀಟಿ ಅಂಟಿಸ್ರಿ. ಅದಾಗದಿದ್ರ ಮನ್ಯಾಗ ಮುಂಜಾನಿ ಚಾಲೂ ಮಾಡೋದನ್ನ ಮೊಬೈಲ್‌ನಾಗ ವಿಡಿಯೋ ಮಾಡ್ರಿ, ಮೀಟರ್‌ನ ಲೈಟ್ ಕಾಣ್ಲಿ, ಸೆಲ್ಫ್ ಶಬ್ದ ಕೇಳ್ಲಿ, ಸೈಲೆನ್ಸರ್ ಹೊಗಿ ಬಣ್ಣ ಕಾಣ್ಲಿ. ಹೋದಾಗ ಗಾಡಿ ಸ್ಟಾರ್ಟಿಂಗ್ ಪ್ರಾಬ್ಲಂ ಅಂತ ಅಷ್ಟೇ ಹೇಳಬ್ಯಾಡ್ರಿ, ಚೋಕ್ ಎಳದಾಗ ಸುಧಾರಿಸ್ತದೋ ಕೆಡ್ತದೋ, ಎಷ್ಟು ಕಿಲೋಮೀಟರ್ ಆದ್ಮ್ಯಾಲ ಸರಿ ಹೋಗ್ತದ, ಕಡೀ ಸಲ ಏನು ಬಿಚ್ಚಿದ್ರು, ಇವಿಷ್ಟು ಹೇಳ್ರಿ. ಒಂದು ಸಾಮಾನು ಬದಲ್ಸಿದ್ಮ್ಯಾಲ ಮರುದಿನ ಮುಂಜಾನಿ ನೋಡಿ ಆಮ್ಯಾಲ ಇನ್ನೊಂದು ಬದಲ್ಸ್ಲಿಕ್ಕೆ ಹೇಳ್ರಿ, ಮತ್ತ ತಗದ ಹಳೇ ಸಾಮಾನು ಕೇಳಿ ಇಸ್ಕೊಂಡು ಬರ್ರಿ.